ರೆಕ್ಕೆ ಇರುವೆಯೋ ಕಣಜವೋ

ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಬಾಯ್ಲರ್ ಮುಂದೆ ದುಡಿಯುವ ಮಲಕಪ್ಪನಿಗೆ ಬೆಂಕಿಯ ಹೆದರಿಕೆ ಇರಲಿಲ್ಲ, ಕಣಜದ ಹೆದರಿಕೆ ಇತ್ತು. ಮೊದಲ ಮಳೆ ಬಿದ್ದ ಮರುದಿನ ಬಚ್ಚಲ ಗೋಡೆಯ ಬಿರುಕಿನಿಂದ ರೆಕ್ಕೆಯ ಹುಳುಗಳು ಸಾಲುಗಟ್ಟಿ ಹೊರಬಂದಾಗ ಅವನು ಮೈಗೆಲ್ಲ ಸಾಬೂನು ಹಚ್ಚಿಕೊಂಡಿದ್ದ. ಹಾಗೆಯೇ ಟವೆಲ್ ಸುತ್ತಿಕೊಂಡು ಅಂಗಳಕ್ಕೆ ಓಡಿಬಂದು, ಹೆಂಡತಿಗೂ ಹೊರಗೆ ಬಾ ಎಂದು ಕೂಗಿದ.

ಸಿದ್ದಕ್ಕ ಪಾಳಾ ಎಂಬ ಊರಿನ ಹೊಲಗಳಲ್ಲಿ ಬೆಳೆದವಳು. ಬಚ್ಚಲಿಗೆ ಹೋಗಿ ಒಂದು ಹುಳವನ್ನು ಅಂಗೈ ಮೇಲೆ ತಂದಳು.

"ಕಣಜ ಅಲ್ರಿ ಇದು, ರೆಕ್ಕಿ ಬಂದ ಇರುವಿ. ಮೀಸಿ ನೋಡ್ರಿ, ಮೊಣಕೈ ಹಂಗ ಮಡಚೇತಿ. ಸೊಂಟದಾಗ ಸಣ್ಣ ಗಂಟ ಐತಿ. ಕಣಜಕ್ಕ ಎರಡೂ ಇರೂದಿಲ್ಲ. ತಡೀರಿ, ರೆಕ್ಕಿನೂ ಉದುರ್ತಾವು."

ನಿಜವಾಗಿಯೂ ಉದುರಿದವು. ಮೈಮೇಲಿನ ಸಾಬೂನು ಒಣಗುವವರೆಗೂ ಮಲಕಪ್ಪ ನೋಡುತ್ತ ನಿಂತ. ಅಂದಿನಿಂದ ಅವನಿಗೆ ಹೊಸ ಚಟ ಹತ್ತಿತು. ಚಹಾದಂಗಡಿಗೆ ಬಂದವರನ್ನೆಲ್ಲ ತಡೆದು ಇರುವೆಯ ಮೀಸೆಯ ಪಾಠ ಮಾಡತೊಡಗಿದ.

ಅದೇ ವಾರ ಹಳಿಯಾಳದಲ್ಲಿ ಅವನ ಅಕ್ಕ ಈರಕ್ಕನ ಮೊಮ್ಮಗನಿಗೆ ಹೆಸರಿಡುವ ಕಾರ್ಯಕ್ರಮ. ಹೋಗಲು ಮಲಕಪ್ಪನಿಗೆ ಮುಜುಗರ. ಈರಕ್ಕನ ಗಂಡ ಶಿವಯೋಗಿ ಅವನೊಂದಿಗೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಮಲಕಪ್ಪನ ಮಗಳ ಮದುವೆಯಲ್ಲಿ ಫೋಟೋದವನು "ಸ್ವಲ್ಪ ಬಾಜೂಕ ಸರೀರಿ" ಎಂದು ಶಿವಯೋಗಿಯನ್ನು ಸರಿಸಿದ್ದ. ಆಲ್ಬಮ್ಮಿನಲ್ಲಿ ಅವನ ಒಂದು ಕಿವಿ ಮತ್ತು ರುಮಾಲಿನ ಅಂಚು ಮಾತ್ರ ಬಂದಿದ್ದವು. ಇದು ಮಲಕಪ್ಪನದೇ ಕಿತಾಪತಿ ಎಂದು ಶಿವಯೋಗಿ ನಂಬಿದ್ದ. ಆದರೂ ಅಕ್ಕ ಕರೆದಿದ್ದಾಳೆಂದು ಗಂಡ ಹೆಂಡತಿ ಬಸ್ಸು ಹತ್ತಿದರು.

ತಗಡಿನ ಚಾವಣಿಗೆ ಹಗ್ಗ ಬಿಗಿದು ಅಂಗಳದಲ್ಲಿ ಪೆಂಡಾಲು ಹಾಕಿದ್ದರು. ಒಳಗೆ ಹೆಂಗಸರು ತೊಟ್ಟಿಲ ಸುತ್ತ ಹಾಡುತ್ತಿದ್ದರು. ಹೊರಗೆ ಗಂಡಸರ ಪಂಕ್ತಿಯಲ್ಲಿ ಹೋಳಿಗೆ ಬೀಳುವ ಹೊತ್ತಿಗೆ, ಹಸಿ ನೆಲದ ಬಿರುಕಿನಿಂದ ರೆಕ್ಕೆಯ ಹುಳುಗಳು ಭರ್ರನೆ ಎದ್ದವು.

"ಕಣಜ ಎದ್ದಾವು, ಎಲ್ಲಾರೂ ಒಳಗ ನಡೀರಿ," ಎಂದ ಶಿವಯೋಗಿ.

ಮಲಕಪ್ಪನಿಗೆ ಮಾತು ಬಿಟ್ಟಿದ್ದು ಮರೆತೇಹೋಯಿತು. "ಕಣಜ ಅಲ್ರಿ ಮಾಮಾ, ಇರುವಿ."

ಏಳುತ್ತಿದ್ದವರೆಲ್ಲ ಹಾಗೇ ನಿಂತರು. ಹುಳಕ್ಕಿಂತ 'ಮಾಮಾ' ಎಂಬ ಮಾತೇ ಅವರನ್ನು ಹೆಚ್ಚು ಬೆಚ್ಚಿಸಿತ್ತು.

"ಇಷ್ಟ ವಯಸ್ಸಿನಾಗ ನಾ ಕಣಜ ನೋಡಿಲ್ಲೇನು?"

"ನೋಡೀರಿ. ಮೀಸಿ ನೋಡಿಲ್ಲ."

ಶಿವಯೋಗಿಯ ಕೈ ತಾನಾಗಿಯೇ ತನ್ನ ಮೀಸೆಗೆ ಹೋಯಿತು. ಮಲಕಪ್ಪ ಒಂದು ಹುಳವನ್ನು ಹಿಡಿದು, ಮೊಣಕೈ, ಗಂಟು ಎಂದು ಬಿಡಿಸಿ ಹೇಳಿದ. ಹೇಳುತ್ತಿದ್ದಂತೆಯೇ ಅದರ ರೆಕ್ಕೆ ಅಂಗೈ ಮೇಲೆ ಉದುರಿತು. ಶಿವಯೋಗಿ ಬಗ್ಗಿ ಬಹಳ ಹೊತ್ತು ನೋಡಿದ. ನಂತರ ತಲೆಯೆತ್ತಿ ಚಾವಣಿಯ ಕಡೆ ಕೈ ತೋರಿಸಿದ. ಹಗ್ಗದ ಎಳೆತಕ್ಕೆ ತಗಡಿನ ಅಡಿಯಲ್ಲಿ ಏನೋ ಅಲುಗಿ, ನಾಲ್ಕಾರು ಹುಳ ಸುತ್ತುತ್ತಿದ್ದವು.

"ಹಂಗಾರ ಅವು ಏನು?"

"ಅವೂ ಇರುವಿನಽ," ಎಂದ ಮಲಕಪ್ಪ, ಮೇಲೆ ನೋಡದೆಯೇ.

ಅವುಗಳಲ್ಲೊಂದು ಬಂದು ಅವನ ಹೋಳಿಗೆಯ ಮೇಲೆ ಕುಳಿತಿತು. ಕನ್ನಡಕ ಸಿದ್ದಕ್ಕನ ಚೀಲದಲ್ಲಿತ್ತು. ಮಲಕಪ್ಪ ಹೋಳಿಗೆಯನ್ನೇ ಎತ್ತಿ ಮೂಗಿನ ಹತ್ತಿರ ಹಿಡಿದ. "ಇಲ್ಲಿ ನೋಡ್ರಿ, ಇದರ ಮೀಸಿ..."

ಮುಂದಿನದು ಮಾತಾಗಿರಲಿಲ್ಲ. ಅವನ ಕೂಗಿಗೆ ಒಳಗಿನ ಜೋಗುಳ ನಿಂತು, ಕೂಸು ಅಳತೊಡಗಿತು.

ಶಿವಯೋಗಿ ಅವನ ರಟ್ಟೆ ಹಿಡಿದು ಪಡಸಾಲೆಗೆ ಎಳೆದೊಯ್ದ. ತನ್ನ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು, ಬದನೆಕಾಯಿಯಂತೆ ಉಬ್ಬುತ್ತಿದ್ದ ಮೂಗಿಗೆ ಬಳಿದ. ಬಾಗಿಲಲ್ಲಿ ನಿಂತಿದ್ದ ಸಿದ್ದಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಕೆಳಗಿನವು ಇರುವಿ, ನಾ ಒಪ್ಪಿದೆ," ಎಂದ ಶಿವಯೋಗಿ. "ಮ್ಯಾಲಿನವು ಕಣಜ, ನೀ ಒಪ್ತೀಯೋ ಇಲ್ಲೋ?"

"ಒಪ್ಪಿದೆ ಬಾಬಾ."

"ಏನಂದಿ?"

"ಬಾಬಾ," ಎಂದ ಮಲಕಪ್ಪ ಮತ್ತೊಮ್ಮೆ. ಕಟ್ಟಿದ ಮೂಗಿನಿಂದ 'ಮಾಮಾ' ಹೊರಡಲೊಲ್ಲದು.

ಶಿವಯೋಗಿ ತಡೆದುಕೊಳ್ಳಲು ನೋಡಿದ. ಆಗಲಿಲ್ಲ. ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಮಲಕಪ್ಪನೂ ನಕ್ಕ, ಮೂಗು ಹಿಡಿದುಕೊಂಡೇ. ಆಮೇಲೆ ಇಬ್ಬರೂ ಒಳಗೇ ಅಕ್ಕಪಕ್ಕ ಕೂತು ಉಂಡರು. ಬೇಡ ಬೇಡವೆಂದರೂ ಶಿವಯೋಗಿ ತಾನೇ ಎದ್ದು ಅವನ ಎಲೆಗೆ ತುಪ್ಪ ಬಡಿಸಿದ.

ಸಂಜೆ ದಾಂಡೇಲಿಯ ಬಸ್ಸಿನಲ್ಲಿ ಮಲಕಪ್ಪನಿಗೆ ಏನೋ ಹೊಳೆಯಿತು.

"ಕೂಸಿಗೆ ಏನ ಹೆಸರ ಇಟ್ರು?"

"ನೀವು ಒದರೂ ಹೊತ್ತಿಗೇ ಇಟ್ಟಿದ್ರು, ಯಾರಿಗೂ ಕೇಳಲಿಲ್ಲ. ಮತ್ತೊಮ್ಮೆ ಇಡಬೇಕಾತು," ಎಂದಳು ಸಿದ್ದಕ್ಕ. "ಬಾಳೇಶ."

"ಬಾಳೇಶ," ಎಂದು ಮಲಕಪ್ಪ ಅಂದು ನೋಡಿದ. ಅಡ್ಡಿಯಿಲ್ಲದೆ ಬಂತು. "ಚಲೋ ಹೆಸರು," ಎಂದು ಹೇಳಿ ಕಿಟಕಿಯ ಗಾಳಿಗೆ ಮೂಗೊಡ್ಡಿ ಕುಳಿತ.