ಉಜ್ವಲಾಳ ಮದುವೆ ಡಿಸ್ಕು

"ಕೈ ತಗೀರಿ ಭಾವಾರ," ಅಂದಳು ಭೀಮಾಬಾಯಿ, ಸಿದಿಗೆಯ ಮುಂದಿನ ಗಳವನ್ನು ಎರಡೂ ಕೈಯಿಂದ ಅವಚಿ ಹಿಡಿದು. "ನನ್ನ ಗಂಡನ್ನ ನೀವು ಎತ್ತೂದು ಬ್ಯಾಡ."

ಐನಾಪುರದ ಆ ಓಣಿಯಲ್ಲಿ ಹಲಗೆ ಬಾರಿಸುವವರೂ ಕೈ ನಿಲ್ಲಿಸಿದರು. ಹೆಗಲು ಕೊಡಲು ಬಗ್ಗಿದ್ದ ತುಕಾರಾಮ ಬಗ್ಗಿದ ಹಾಗೇ ಉಳಿದ. ಸತ್ತವನು ಅವನ ಒಡಹುಟ್ಟಿದ ತಮ್ಮ ಭರಮು. ಭರಮುಗೆ ಮಕ್ಕಳಿಲ್ಲ, ಮುಂದಿನ ಹೆಗಲು ಅಣ್ಣನದೇ. ಆದರೆ ಈ ಅಣ್ಣ ತಮ್ಮನ ಹೊಸ್ತಿಲು ತುಳಿದು ಏಳು ವರ್ಷವಾಗಿತ್ತು. ಇವತ್ತು ಬಂದದ್ದೂ ಜನ ಏನಂದಾರು ಅಂತ. ಅವನ ಹೆಂಡತಿ ಲಕ್ಕವ್ವ ಅಂಗಳಕ್ಕೂ ಕಾಲಿಟ್ಟಿರಲಿಲ್ಲ. ಎದುರುಮನೆಯ ಕಟ್ಟೆಗೆ ಆತು, ತಲೆತುಂಬ ಸೆರಗು ಹೊದ್ದು ನಿಂತಿದ್ದಳು.

"ಹಿಂಗ್ಯಾಕ ಮಾಡತಿ ಭೀಮವ್ವಾ?" ಓಣಿಯ ಹಿರಿಯ ಕಾಕಾಸಾಹೇಬ ಮೆತ್ತಗೆ ಕೇಳಿದ. "ಹೊತ್ತ ಏರಾಕತ್ತೈತಿ. ಹೆಣದ ಮುಂದ ಸಿಟ್ಟ ಮಾಡಬಾರದು. ತಪ್ಪು ಭರಮೂಂದೂ ಇತ್ತಲ್ಲವಾ."

ತಪ್ಪು! ಆ ಮಾತು ಭೀಮಾಬಾಯಿಗೆ ಒಣಮೆಣಸಿನಕಾಯಿ ಹುರಿದ ಘಾಟಿನ ಹಾಗೆ ನೆತ್ತಿಗೇರಿತು. ಮಾಡದ ಆ ತಪ್ಪನ್ನು ಹೊತ್ತುಕೊಂಡೇ ಸತ್ತನಲ್ಲ ಪುಣ್ಯಾತ್ಮ.

*

ಭರಮು ಸುತ್ತಲಿನ ಊರುಗಳ ಮದುವೆಗಳಿಗೆ ಹೋಗಿ ವಿಡಿಯೋ ತೆಗೆಯುತ್ತಿದ್ದ. ಮನೆಗೆ ಬಂದು ಪಡಸಾಲೆಯ ಕಂಪ್ಯೂಟರಿನ ಮುಂದೆ ಕೂತು ಅದನ್ನು ಡಿಸ್ಕಿಗೆ ಹಾಕುತ್ತಿದ್ದ. ಖಾಲಿ ಡಿಸ್ಕು ಆರಿಸುವುದೆಂದರೆ ಅವನಿಗೆ ಕನ್ಯೆ ನೋಡುವಷ್ಟು ದೊಡ್ಡ ಕೆಲಸ. ಮಿರಜಿನ ಅಂಗಡಿಯಲ್ಲಿ ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡುತ್ತಿದ್ದ, ಸೂಜಿಮೊನೆಯಷ್ಟು ಬೆಳಕು ತೂರಿದರೂ ವಾಪಸ್ಸು. ಹೆಸರಿಲ್ಲದ ಅಗ್ಗದ ಮಾಲಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮದುವೆಯನ್ನು ಡಿಸ್ಕಿಗೆ ಇಳಿಸುವಾಗಲೂ ಅವಸರವಿಲ್ಲ, ಸ್ಪೀಡು ಇಳಿಸಿ ಕಾಯುತ್ತ ಕೂಡುವುದು. ಯಾರಾದರೂ ಜಲ್ದಿ ಮಾಡು ಅಂದರೆ, "ರೊಟ್ಟಿ ಬೇಯೂತನಕಾ ತಡೀತಿಯಿಲ್ಲ, ಇದಕ್ಕೂ ತಡಿಯಪಾ" ಅನ್ನುತ್ತಿದ್ದ.

ಅಣ್ಣನ ಒಬ್ಬಳೇ ಮಗಳು ಉಜ್ವಲಾಳ ಮದುವೆಗಂತೂ ರಾಶಿ ಡಿಸ್ಕು ತಿರುವಿ ಹಾಕಿ ಎರಡನ್ನು ಎತ್ತಿದ. "ನಮ್ಮ ಕೂಸಿನ ಮದವಿ. ಆಕಿ ಮೊಮ್ಮಕ್ಕಳೂ ನೋಡಬೇಕು" ಅಂದಿದ್ದ. ಒಂದು ಅಣ್ಣನ ಮನೆಗೆ, ಒಂದು ರಾಯಬಾಗದ ಬೀಗರಿಗೆ ಕೊಟ್ಟ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಅಲ್ಲಿದ್ದದ್ದನ್ನು ಅಳಿಸಿದ. ಕ್ಯಾಮೆರಾದ ಟೇಪಿನ ಮೇಲೆ, ಆಗ ಎಲ್ಲರೂ ಮಾಡುತ್ತಿದ್ದ ಹಾಗೆ, ಇನ್ನೊಂದು ಮದುವೆ ತೆಗೆದ.

ವರ್ಷ ತುಂಬುವುದರೊಳಗೆ ಉಜ್ವಲಾ ಹೆರಿಗೆಯಲ್ಲಿ ಹೋಗಿಬಿಟ್ಟಳು. ಅಳಿಯ ಮತ್ತೆ ಮದುವೆಯಾದ. ಹೊಸ ಸೊಸೆ ಬರುವ ಮುನ್ನವೇ ಬೀಗರು ತಮ್ಮ ಡಿಸ್ಕನ್ನು ತಿಪ್ಪೆಗೆಸೆದರು. ಮಗಳು ನಗುವುದು, ನಡೆಯುವುದು ನೋಡಲಿಕ್ಕೆ ಲಕ್ಕವ್ವನಿಗೆ ಉಳಿದದ್ದು ತನ್ನ ಹತ್ತಿರ ಇದ್ದದ್ದೊಂದೇ.

ಒಂದು ದಿನ ಅದೂ ಕೈಕೊಟ್ಟಿತು. ಅಕ್ಷತೆ ಬೀಳುವ ಹೊತ್ತಿಗೆ ಚಿತ್ರ ಚೂರುಚೂರಾಗಿ ಒಡೆದು ನಿಂತಿತು. ಮತ್ತೆ ಹಾಕಿದರೆ ಟಿವಿಯಲ್ಲಿ ಏನೂ ಬರಲಿಲ್ಲ. ತುಕಾರಾಮ ಬಜಾರಿನ ನಡುವೆ ತಮ್ಮನ ಕೊರಳಪಟ್ಟಿ ಹಿಡಿದ. "ಸ್ವಂತ ಅಣ್ಣನ ಮಗಳಿಗೇ ಡುಪ್ಲಿಕೇಟ್ ಡಿಸ್ಕ್ ಹಾಕಿದಿ ಹೌದಿಲ್ಲೋ ಮಗನ! ಆಕೀನ್ನ ಎರಡನೇ ಸಲ ಕೊಂದಿ!" ಅಂತ ಡಿಸ್ಕನ್ನು ಅವನ ಮುಖಕ್ಕೇ ಎಸೆದ.

ಭರಮು ಅದನ್ನು ಹೆಕ್ಕಿಕೊಂಡು ಮನೆಗೆ ತಂದು ತಿರುವಿ ನೋಡಿದ. ಹೊಳೆಯುವ ಮಗ್ಗುಲ ತುಂಬ ಸುತ್ತಿ ಸುತ್ತಿ ತಿಕ್ಕಿದ ಗೀರು. ನಡುವಿನ ತೂತಿನ ಅಂಚಿಗೆ ಅರಿಶಿನ, ಕುಂಕುಮ ಮೆತ್ತಿತ್ತು.

ಲಕ್ಕವ್ವ ಪ್ರತಿ ಅಮಾವಾಸ್ಯೆಗೆ ಡಿಸ್ಕನ್ನು ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡುತ್ತಿದ್ದಳು. ಹೆಸರು ಬರೆದದ್ದು ಬೆನ್ನು, ಹೊಳೆಯುವುದು ಮುಖ ಅಂತ ತಿಳಿದಿದ್ದಳು ಪಾಪ, ಚಿತ್ರ ಇರುವುದೇ ಆ ಹೊಳೆಯುವ ಮಗ್ಗುಲಲ್ಲಿ, ಗೀರು ಬಿದ್ದರೆ ಹೋಯಿತು ಅಂತ ಗೊತ್ತಿರಲಿಲ್ಲ. ಮಗಳ ಹಣೆಗೆ ಹಚ್ಚಿದ ಹಾಗೆ ಅಲ್ಲಿಗೇ ಅರಿಶಿನ ಕುಂಕುಮ ಹಚ್ಚಿ, ಕೈ ಮುಗಿದು, ಆಮೇಲೆ ಸೆರಗಿನಿಂದ ತಿಕ್ಕಿ ಒರೆಸಿ ಟಿವಿಗೆ ಹಾಕುತ್ತಿದ್ದಳು.

"ಹೋಗಿ ಹೇಳ್ರಿ ಮತ್ತ!" ಅಂದಳು ಭೀಮಾಬಾಯಿ.

"ಏನಂತ ಹೇಳಲಿ? ವೈನಿ, ನಿನ್ನ ಮಗಳನ್ನ ನಿನ್ನ ಕೈಯಾರೆ ಒರಸಿ ಹಾಕಿದಿ ಅಂತ ಹೇಳ್ಲ್ಯಾ? ಆಕಿ ಬದುಕತಾಳೇನ? ನನ್ನ ಮ್ಯಾಲೆ ಆಣಿ ಐತಿ ನೋಡು, ಬಾಯಿ ಬಿಡಬ್ಯಾಡ."

ಅವನ ಬಾಯಿ ಮುಚ್ಚಿತು, ಊರಿನದು ಮುಚ್ಚಲಿಲ್ಲ. ಮನೆಯವರಿಗೇ ಮೋಸ ಮಾಡಿದವನು ಅಂತ ಕಾಗವಾಡದವರೆಗೂ ಸುದ್ದಿ ಹೋಯಿತು. ಮದುವೆಗೆ ಕರೆಯುವವರೇ ಇಲ್ಲದಾದರು. ಕೊನೆಗೆ ಒಂದು ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆದ. ನಿನ್ನೆ ಅಲ್ಲೇ, ಕುರ್ಚಿಯಲ್ಲಿ ಕೂತವನು ಎದೆ ಹಿಡಿದುಕೊಂಡು ಹೋಗಿಬಿಟ್ಟ.

*

"ಒಳಗ ಬರ್ರಿ," ಅಂತ ಭೀಮಾಬಾಯಿ ತುಕಾರಾಮನನ್ನು ಪಡಸಾಲೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು. ಆಣೆ ಹಾಕಿದವನೇ ಹೋದ ಮೇಲೆ ಇನ್ನೆಲ್ಲಿಯ ಆಣೆ? ಎಲ್ಲ ಹೇಳಿದಳು. ಟ್ರಂಕಿನಿಂದ ಡಿಸ್ಕು ತೆಗೆದು ಅವನ ಅಂಗೈ ಮೇಲಿಟ್ಟಳು.

ತುಕಾರಾಮ ಅದನ್ನು ತಿರುವಿ ನೋಡಿದ. "ಆಕಿ ಪೂಜಾ ಮಾಡುವಾಗ ನಾನೂ ಬಾಜೂಕ ಕೈ ಮುಗದು ಕುಂದರತಿದ್ನಿ," ಅಂದ. ಹಾಗೇ ಗೋಡೆಗೆ ಆತು ನೆಲಕ್ಕೆ ಕೂತ. "ಯಪ್ಪಾ ಭರಮ್ಯಾ, ಒಂದ ಮಾತರ ಅನಬಾರದೇನೋ!"

"ಅಳೂದು ಆಮ್ಯಾಲೆ," ಅಂದಳು ಭೀಮಾಬಾಯಿ. "ಬಜಾರದಾಗ ನಿಂತು ಅವ್ರ ಮಾರಿಗೆ ಮಸಿ ಬಳದ್ರಿ. ಈಗ ಎಲ್ಲಾರ ಮುಂದ ನಿಂತು, ಡಿಸ್ಕ್ ಚೊಲೋ ಇತ್ತು, ನನ್ನ ತಮ್ಮ ಮೋಸ ಮಾಡಿಲ್ಲ ಅಂತ ಹೇಳ್ರಿ. ಹೇಳಿ ಹೆಗಲ ಕೊಡ್ರಿ. ನನಗ ಇಷ್ಟ ಸಾಕು."

"ಹೇಳತೀನವಾ. ಹೇಳಲಿಲ್ಲಂದ್ರ ನಾ ಮನಶ್ಯಾನ ಅಲ್ಲ."

ಹೊರಗೆ ಬಂದ. ಸಿದಿಗೆ ಎತ್ತಿದರು, ಮುಂದಿನ ಗಳ ಅವನ ಹೆಗಲೇರಿತು. ಅವನು ಹೆಜ್ಜೆ ಇಡದೆ ಅಲ್ಲೇ ನಿಂತ.

"ಎಲ್ಲಾರೂ ಕೇಳ್ರಪಾ. ನಮ್ಮ ಉಜ್ವಲಾನ ಡಿಸ್ಕ್ ಐತೆಲ್ಲಾ…"

ಮಗಳ ಹೆಸರು ಕಿವಿಗೆ ಬಿದ್ದದ್ದೇ ತಡ, ಲಕ್ಕವ್ವ ಜನರನ್ನು ಸರಿಸಿಕೊಂಡು ಎದುರಿಗೆ ಬಂದಳು. ಒಣಗಿ ಕಡ್ಡಿಯಾಗಿದ್ದಳು.

"ಏನ ಅದ್ರದ್ದು?" ಅಂದಳು. "ಯಾಕ ಹಾಳಾತು ಅಂತ ಈಗರ ಗೊತ್ತಾತೇನು? ಹೇಳ್ರಿ. ಯಾಕ ಹಾಳಾತು?"

ತುಕಾರಾಮ ಹೆಂಡತಿಯ ಮುಖ ನೋಡಿದ. ಭೀಮಾಬಾಯಿ ಬಾಗಿಲಲ್ಲಿ ಕಾಯುತ್ತ ನಿಂತಳು.

"ಡಿಸ್ಕೇ ಖರಾಬ್ ಇತ್ತು," ಅಂದ ತುಕಾರಾಮ ನೆಲ ನೋಡುತ್ತ. "ತಪ್ಪು ಭರಮ್ಯಾಂದು. ಹೋಗ್ಲಿ ಬಿಡು. ಆಂವನ ಹೋದನಲ್ಲ."

ಹೆಗಲ ಮೇಲೆ ಅದೇ ತಮ್ಮನಿದ್ದ.

ಲಕ್ಕವ್ವ ಹೆಣದ ಕಾಲಿಗೆ ಕೈ ಹಚ್ಚಿದಳು. "ಇಷ್ಟ ವರ್ಷ ನಿನಗ ಶಾಪಾ ಹಾಕೀನಿ ಭರಮು. ಇವತ್ತ ಬಿಟ್ಟೆ. ಮಾಫ್ ಮಾಡೇನಪಾ, ಹೋಗು."

"ದೊಡ್ಡ ಮನಸು ಲಕ್ಕವ್ವಂದು," ಅಂದ ಕಾಕಾಸಾಹೇಬ. ಹೌದೌದು ಅಂದರು ಸುತ್ತಲಿದ್ದವರು. ಹಲಗೆ ಮತ್ತೆ ಶುರುವಾಯಿತು.

ಲಕ್ಕವ್ವ ಮೆಟ್ಟಿಲೇರಿ ಬಂದು ನೆಗೆಣ್ಣಿಯ ಹೆಗಲ ಮೇಲೆ ಬಿದ್ದು ಹೋ ಎಂದು ಅತ್ತಳು. ಭೀಮಾಬಾಯಿಯ ನಾಲಿಗೆಯ ತುದಿಗೆ ಎಲ್ಲ ಬಂದು ನಿಂತಿತ್ತು. ಒಂದೇ ಮಾತು ಸಾಕಿತ್ತು. ಓಣಿಯ ತಿರುವಿನಲ್ಲಿ ಸಿದಿಗೆ ಮರೆಯಾಗುತ್ತಿತ್ತು. ಅವಳು ಒಂದು ಕೈಯಿಂದ ಲಕ್ಕವ್ವನ ಬೆನ್ನು ತಬ್ಬಿದಳು. ಇನ್ನೊಂದು ಕೈಯಿಂದ ತನ್ನ ಸೆರಗನ್ನು ಮುದ್ದೆ ಮಾಡಿ ಬಾಯೊಳಗೆ ತುರುಕಿಕೊಂಡಳು, ಹಿಡಿಸುವಷ್ಟೂ.