ಲಿವರ್ ಹಿಡಿದವಳು

ಬ್ಲೇಡು ಕಲ್ಲಿಗೆ ಬಡಿದ ಸದ್ದು ಕೇಳಿದ್ದೇ ತಡ, ಅವಳು ಎಳೆಯುತ್ತಿದ್ದ ಮುಳ್ಳಿನ ಕಂತೆ ಅಲ್ಲೇ ಬಿಟ್ಟು ಟ್ರ್ಯಾಕ್ಟರಿನ ಕಡೆ ಓಡಿದಳು. ಬೋಲ್ಟು ಮತ್ತೆ ತುಂಡಾಗಿತ್ತು.

ಬೀಳುಬಿದ್ದ ಆ ಹೊಲದ ಪೊದೆಗಳೊಳಗೆ ಹಳೇ ಗೋಡೆಯ ಕಲ್ಲುಗಳು ಅಡಗಿ ಕೂತಿದ್ದವು. ಟ್ರ್ಯಾಕ್ಟರಿನ ಹಿಂದಿನ ಕಟ್ಟರು ಪೊದೆ ಸವರುತ್ತ ಹೋಗಿ ಕಲ್ಲಿಗೆ ತಾಗಿತೆಂದರೆ, ಕಟ್ಟರನ್ನು ತಿರುಗಿಸುವ ಶಾಫ್ಟಿನ ಬುಡದ ಬೋಲ್ಟು ತಾನು ಮುರಿದು ಗೇರ್‌ಬಾಕ್ಸನ್ನು ಉಳಿಸುತ್ತಿತ್ತು. ಅದು ಇರುವುದೇ ಮುರಿಯುವುದಕ್ಕೆ. ಹೊಸದು ಹಾಕಬೇಕಾದರೆ ಇಂಜಿನ್ ನಿಲ್ಲಿಸಬೇಕು. ಆದರೆ ಬ್ಯಾಟರಿ ಸತ್ತುಹೋಗಿತ್ತು. ಒಮ್ಮೆ ನಿಂತರೆ ಪೊದೆ ಎಳೆಯುವ ಹೆಂಗಸರೆಲ್ಲ ಬಂದು ತಳ್ಳಬೇಕು, ಅಷ್ಟು ಹೊತ್ತು ಕೆಲಸ ಕೆಟ್ಟಿತು. ಅದಕ್ಕೇ ಯಜಮಾನನ ಕಟ್ಟಪ್ಪಣೆ: ಇಂಜಿನ್ ಓಡುತ್ತಲೇ ಇರಲಿ, ಲಿವರ್ ಎಳೆದು ಶಾಫ್ಟ್ ಮಾತ್ರ ನಿಲ್ಲಿಸಿ.

ಆ ಲಿವರಿನ ಹಲ್ಲು ಸವೆದಿತ್ತು. ಕೈ ಬಿಟ್ಟರೆ ತಾನಾಗಿ ಜಾರುತ್ತಿತ್ತು, ಶಾಫ್ಟ್ ತಿರುಗುತ್ತಿತ್ತು. ಹಾಗಾಗಿ ಅವಳು ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಲ್ಲುತ್ತಿದ್ದಳು. ಈಗಲೂ ಅವಳ ಹಿಂದೆ, ಟ್ರ್ಯಾಕ್ಟರ್ ಓಡಿಸುವ ಗಂಡ ಬಗ್ಗಿ ಮುರಿದ ಚೂರನ್ನು ಬಡಿದು ತೆಗೆಯುತ್ತಿದ್ದ.

"ಗಟ್ಟಿ ಹಿಡ್ಕೊಳೇ. ನನ್ನ ಕೈ ಈಗ ನಿನ್ನ ಕೈಲಿದೆ."

"ತಮಾಷೆ ಸಾಕು. ಬೇಗ ಮುಗಿಸ್ರೀ."

ಇವನಿಗಿಂತ ಮುಂಚಿನ ಡ್ರೈವರು ಈಗ ಎಡಗೈಯಲ್ಲಿ ಉಣ್ಣುತ್ತಾನೆ. ಕುಡಿದು ಶಾಫ್ಟಿಗೆ ಕೈ ಹಾಕಿದ ಎಂದು ಯಜಮಾನ ಕಂಡಕಂಡವರಿಗೆಲ್ಲ ಹೇಳಿದ್ದ. ಆ ಮನುಷ್ಯ ಕುಡಿಯುವವನೇ ಅಲ್ಲ.

"ಏನ್ರಮ್ಮ, ಗಂಡ ಹೆಂಡ್ತಿ ಅಲ್ಲೇ ಸಂಸಾರ ಹೂಡಿದ್ರಾ?" ಮರದ ನೆರಳಿನಿಂದ ಯಜಮಾನ ಕೂಗಿದ.

ಇಂಜಿನ್ ಒಮ್ಮೆ ಕೆಮ್ಮಿ ಜೋರಾಗಿ ಅದುರಿತು. ಬೆವರಿದ ಅಂಗೈಯೊಳಗಿಂದ ಲಿವರ್ ಒದ್ದುಕೊಂಡು ಹೋಯಿತು. ಅವಳು ಮೈಭಾರವನ್ನೆಲ್ಲ ಹಾಕಿ ವಾಪಸು ಎಳೆದಳು. ಎಳೆದು ತಿರುಗಿ ನೋಡಿದರೆ ಗಂಡ ನೆಲದ ಮೇಲೆ ಕೂತಿದ್ದ. ಅಂಗಿಯ ಬಲತೋಳು ಕಿತ್ತುಬಂದು ಶಾಫ್ಟಿಗೆ ಸುತ್ತಿಕೊಂಡಿತ್ತು. ಅದರೊಳಗೆ ಕೈ ಇರಲಿಲ್ಲ. ಕೈ ಅವನ ಮೈಯಲ್ಲೇ ಇತ್ತು. ತರಚಿ ರಕ್ತ ಬರುತ್ತಿತ್ತು.

ಯಜಮಾನ ಎದ್ದು ಬಂದು ನೋಡಿದ. "ಅಂಗಿ ತಾನೇ? ನನ್ನದೊಂದು ಹಳೇದು ಕೊಡ್ತೀನಿ ಬಿಡು. ಹೂಂ, ಬೋಲ್ಟ್ ಹಾಕು."

ಗಂಡ ಸ್ಪ್ಯಾನರಿಗಾಗಿ ತಡಕಾಡಿದ. ಅವಳು ಒಂದು ಕೈಯಲ್ಲಿ ಲಿವರ್ ಹಿಡಿದೇ, ಇನ್ನೊಂದರಲ್ಲಿ ಇಂಜಿನ್ ನಿಲ್ಲಿಸುವ ಗುಂಡಿ ಹಿಡಿದು ಜಗ್ಗಿದಳು.

ಹೊಲ ಗಪ್ಪೆಂದಿತು.

"ಯಾರೇ ಆಫ್ ಮಾಡಿದ್ದು?"

"ನಾನೇ."

"ನಿಮ್ಮಪ್ಪ ಬಂದು ಸ್ಟಾರ್ಟ್ ಮಾಡ್ತಾನೇನೇ?"

"ಅಪ್ಪ ಸತ್ತ. ಗಂಡನ ಕೈಯಾದ್ರೂ ಉಳೀಲಿ."

ಗಂಡ ಹತ್ತಿರ ಬಂದು ಪಿಸುಗುಟ್ಟಿದ. "ಲೇ, ಕೆಲಸ ಹೋಗುತ್ತೆ ಕಣೇ."

"ಕೈ ಹೋದ್ರೆ ಕೆಲಸ ಇರುತ್ತೇನ್ರೀ?"

ಅವನು ಅವಳ ಮುಖ ನೋಡಿದ. ನಂತರ ಹೋಗಿ, ನಿಂತ ಯಂತ್ರಕ್ಕೆ ಆತುರವಿಲ್ಲದೆ ಬೋಲ್ಟು ಹಾಕಿ ಬಿಗಿಮಾಡಿದ. "ಹಾಕಿದೀನಿ ಯಜಮಾನ್ರೇ. ಇನ್ಮೇಲೆ ಹಾಕೋದು ಹೀಗೇ. ಇಂಜಿನ್ ನಿಲ್ಸಿ."

ಯಜಮಾನ ಅವನನ್ನು ಪಕ್ಕಕ್ಕೆ ತಳ್ಳಿ ತಾನೇ ಸೀಟು ಹತ್ತಿ ಕೂತ. "ತಳ್ರೇ ಎಲ್ಲಾ!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗಿಂತ ಹಿರಿಯವಳಾದ ದೊಡ್ಡಕ್ಕ ಸೆರಗಿನಿಂದ ಕತ್ತು ಒರೆಸಿಕೊಂಡು ಕಂತೆಯ ಮೇಲೆ ಕೂತಳು. "ನಮ್ಮ ಬ್ಯಾಟ್ರಿನೂ ಇಳಿದೋಗಿದೆ ಯಜಮಾನ್ರೇ." ಯಾರೋ ಕಿಸಕ್ಕೆಂದರು. ಉಳಿದವರೂ ಒಬ್ಬೊಬ್ಬರಾಗಿ ಕೂತರು.

ಯಜಮಾನ ಕೆಳಗಿಳಿದ. ಇಳಿದರೆ ಸೀಟಿನಲ್ಲಿ ಯಾರೂ ಇಲ್ಲ, ಹತ್ತಿದರೆ ಹಿಂದೆ ತಳ್ಳಲು ಯಾರೂ ಇಲ್ಲ. ಕೊನೆಗೆ ಫೋನ್ ತೆಗೆದ. "ಡ್ರೈವರ್ ಒಬ್ಬ ಬೇಕಿತ್ತು ಕಣಯ್ಯ, ಈಗಲೇ. ಹೆಂಡ್ತಿ ಇಲ್ಲದವನಾದ್ರೆ ಇನ್ನೂ ಒಳ್ಳೇದು."

ಅವಳು ಅವನ ಹತ್ತಿರಕ್ಕೇ ಬಂದು, ಆ ಕಡೆಯವನಿಗೂ ಕೇಳಲಿ ಎಂದು ಗಂಟಲೆತ್ತಿ ಹೇಳಿದಳು:

"ಬರೋನಿಗೆ ಎರಡೂ ಕೈ ಇದೆಯಾ ಕೇಳಿ. ಇದ್ರೆ ಬರೋದು ಬೇಡ ಅನ್ನಿ!"

ಯಜಮಾನ ಫೋನನ್ನು ಎದೆಗೆ ಒತ್ತಿ ಹಿಡಿದ. ಅಷ್ಟರಲ್ಲಿ ಹೆಂಗಸರೆಲ್ಲ ಸೇರಿ ಅದೇ ಮಾತನ್ನು ಕೂಗಲು ಶುರುಮಾಡಿದ್ದರು.