ಎರಡನೆಯ ಹಾಳೆ

ಮುದ್ರಣಾಲಯಕ್ಕೆ ಬರುವ ಅಂಚೆ ಒಡೆಯುವುದು ನನ್ನ ಕೆಲಸ. ಹದಿನಾರು ವರ್ಷಗಳಿಂದ ಇಲ್ಲಿ ಸಂಬಳದ ಲೆಕ್ಕ ಬರೆಯುತ್ತಿದ್ದೇನೆ. ಯಜಮಾನರಿಂದ ಹಿಡಿದು ಕಸ ಗುಡಿಸುವವಳ ತನಕ ಎಲ್ಲರಿಗೂ ನಾನು ಲೆಕ್ಕದವರು. ಸೋಮವಾರ ಬೆಳಿಗ್ಗೆ ತೆರಿಗೆ ಇಲಾಖೆಯ ಉದ್ದನೆಯ ಲಕೋಟೆ ಬಂದಾಗ, ಈ ಸಲ ಯಾವ ಪುಣ್ಯಾತ್ಮನ ಸಂಬಳಕ್ಕೆ ಕತ್ತರಿಯೋ ಎಂದು ಖುಷಿಯಿಂದಲೇ ಒಡೆದೆ. ಸುಳ್ಳು ಯಾಕೆ ಹೇಳಲಿ, ಖುಷಿಯೇ. ಒಳಗೆ ನನ್ನ ಹೆಸರಿತ್ತು.

ಮೂರು ವರ್ಷ ಸಂಜೆ ಹೊತ್ತು ಅಂಗಡಿಗಳಿಗೆ ಲೆಕ್ಕ ಬರೆದುಕೊಟ್ಟು ನಾಲ್ಕು ಕಾಸು ಮಾಡಿಕೊಂಡಿದ್ದೆ. ಅವರೆಲ್ಲರ ತೆರಿಗೆಯನ್ನು ದಿನ ತಪ್ಪದೆ ಕಟ್ಟಿಸಿದೆ. ನನ್ನದನ್ನು ಬರುವ ತಿಂಗಳು ನೋಡಿದರಾಯಿತು ಎಂದುಕೊಂಡೇ ಮೂರು ವರ್ಷ ಕಳೆಯಿತು. ಮನೆಗೆ ನಾಲ್ಕು ಪತ್ರ ಬಂದಿದ್ದವು. ಒಂದನ್ನೂ ಒಡೆಯದೆ ಬೀರುವಿನ ಮೇಲೆ ಎಸೆದಿದ್ದೆ. ಪರರ ಲಕೋಟೆಗಳನ್ನು ಪರಪರ ಹರಿಯುವ ಈ ಕೈ ತನ್ನದನ್ನು ಮುಟ್ಟಲು ಹೆದರಿತು ಎಂದರೆ ನನ್ನ ಹೆಂಡತಿಯೇ ನಂಬುವುದಿಲ್ಲ. ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

ಶುಕ್ರವಾರ ಸಂಬಳ. ನೋಟಿಸು ಹೇಳಿದಂತೆ ಬಾಕಿ ತೆರಿಗೆಗೆ ನನ್ನ ಸಂಬಳ ಹಿಡಿದರೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಮನೆ ಬಾಡಿಗೆಗೆ ಸರಿಹೋಗುತ್ತಿತ್ತು, ಅಷ್ಟೇ. ಅಮ್ಮನ ಮಾತ್ರೆ, ಇಬ್ಬರು ಮಕ್ಕಳ ಫೀಸು, ಒಲೆ ಹೊತ್ತುವುದು, ಯಾವುದಕ್ಕೂ ಬಿಡಿಗಾಸಿಲ್ಲ. ‘ಈ ವ್ಯಕ್ತಿ ನಮ್ಮಲ್ಲಿ ಕೆಲಸ ಬಿಟ್ಟಿದ್ದಾರೆ’ ಎಂದು ಉತ್ತರ ಬರೆದು ಯಜಮಾನರ ರಬ್ಬರ್ ಸಹಿ ಒತ್ತಿಬಿಡಲೇ ಎಂದೂ ಯೋಚಿಸಿದೆ. ಸಹಿ ನನ್ನ ಡ್ರಾಯರಿನಲ್ಲೇ ಇತ್ತು. ಆದರೆ ಕೆಲಸ ಬಿಟ್ಟವನ ಹೆಸರಿಗೆ ಶುಕ್ರವಾರ ಸಂಬಳ ಬರೆಯುವುದು ಹೇಗೆ? ಯಾವ ಕಡೆ ತಿರುಗಿದರೂ ನನ್ನ ಲೆಡ್ಜರೇ ಅಡ್ಡ ನಿಂತಿತ್ತು.

ಮಧ್ಯಾಹ್ನ ಊಟ ಬಿಟ್ಟು ತೆರಿಗೆ ಕಚೇರಿಗೆ ಓಡಿದೆ. ಒಂದು ಗಂಟೆ ಸಾಲಿನಲ್ಲಿ ನಿಂತ ಮೇಲೆ ಕಿಟಕಿಯ ಹೆಂಗಸು ನನ್ನ ನೋಟಿಸನ್ನು ತಿರುವಿ ಹಾಕಿದಳು.

“ಕಂತಿಗೆ ಅರ್ಜಿ ಕೊಡಿ. ಮಂಜೂರಾಗೋಕೆ ಎರಡು ತಿಂಗಳು. ಅಲ್ಲೀವರೆಗೂ ಕಡಿತ ನಿಲ್ಲಲ್ಲ.”

“ಎರಡು ತಿಂಗಳು ಮನೆ ಹೇಗಮ್ಮಾ ನಡೀಬೇಕು?”

“ಎರಡನೇ ಹಾಳೆ ತುಂಬಿ ಕೊಟ್ರಾ?”

“ಯಾವ ಹಾಳೆ?”

“ನೋಟಿಸಿನ ಹಿಂದೆ ಇರುತ್ತಲ್ಲ. ನಿಮ್ಮನ್ನೇ ನಂಬಿಕೊಂಡೋರು ಮನೇಲಿ ಎಷ್ಟು ಜನ ಅಂತ ಬರೆದು ಮೂರು ದಿನದಲ್ಲಿ ಕಳಿಸಿದ್ರೆ, ಅವರ ಪಾಲು ಬಿಟ್ಟು ಉಳಿದಿದ್ದು ಮಾತ್ರ ಹಿಡೀತೀವಿ. ಕಳಿಸದಿದ್ರೆ ಒಂಟಿ ಮನುಷ್ಯ ಅಂತ ಲೆಕ್ಕ. ನಿಮ್ಮ ಆಫೀಸಿನ ಲೆಕ್ಕದವರು ನಿಮ್ಮ ಕೈಗೆ ಕೊಡಬೇಕಿತ್ತು. ಕೊಡಲಿಲ್ವಾ?”

“ಕೊಡಲಿಲ್ಲ,” ಎಂದೆ.

“ಎಂಥಾ ಜನ ಇರ್ತಾರೋ,” ಎಂದು ಅವಳು ನನ್ನ ಹಿಂದಿನವನನ್ನು ಕರೆದಳು.

ವಾಪಸು ಬಂದವನೇ ಕಪಾಟು ತೆಗೆದೆ. ಹದಿನಾರು ವರ್ಷಗಳಲ್ಲಿ ಹನ್ನೊಂದು ಜನರ ಸಂಬಳ ಹಿಡಿದಿದ್ದೆ. ಹನ್ನೊಂದು ಫೈಲುಗಳಲ್ಲೂ ಎರಡನೆಯ ಹಾಳೆ ಇತ್ತು. ಒಂದು ಅಕ್ಷರ ಬರೆಯದೆ, ಚೆಂದವಾಗಿ ತೂತು ಹೊಡೆದು ನಾನೇ ದಾರ ಕಟ್ಟಿಟ್ಟಿದ್ದೆ. ಕಚೇರಿಯ ಪ್ರತಿ ಇರಬೇಕೆಂದು ಅಂದುಕೊಂಡಿದ್ದೆ. ಓದಿರಲಿಲ್ಲ. ‘ನೌಕರರಿಗೆ ಕೊಡತಕ್ಕದ್ದು’ ಎಂದು ಅದರ ನೆತ್ತಿಯ ಮೇಲೇ ಇತ್ತು.

ನಾಲ್ಕನೆಯ ಫೈಲು ಬೈಂಡಿಂಗ್ ವಿಭಾಗದ ಗೋಂದುವಿನದು. ಬೆರಳಿಗೆ ಸದಾ ಅಂಟು ಮೆತ್ತಿರುವುದರಿಂದ ಅವನಿಗೆ ಆ ಹೆಸರು. ಅವನಿಗೆ ಹೆಂಡತಿ, ಒಬ್ಬಳು ಮಗಳು. ಎಂಟು ತಿಂಗಳು ಒಂಟಿ ಮನುಷ್ಯನ ಲೆಕ್ಕದಲ್ಲಿ ಅವನ ಸಂಬಳ ಹಿಡಿದಿದ್ದೆ. “ಮನೆ ನಡೀತಿಲ್ಲ ಸಾರ್, ಏನಾದ್ರೂ ದಾರಿ ಇದೆಯಾ?” ಎಂದು ಮೇಜಿನ ಮುಂದೆ ನಿಂತಿದ್ದ. “ಮೊದಲೇ ಯೋಚನೆ ಮಾಡ್ಬೇಕಿತ್ತು” ಎಂದು ತಲೆ ಎತ್ತದೆ ಹೇಳಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಆದರೆ ಆ ಹೊತ್ತಿಗೆ ಫೈಲನ್ನು ಮತ್ತೆ ಕಟ್ಟಿ, ಕಪಾಟಿಗೆ ಬೀಗ ಹಾಕಿ, ನನ್ನ ಹಾಳೆಯನ್ನು ತುಂಬಲು ಕೂತೆ. ಅಮ್ಮ, ಹೆಂಡತಿ, ಮಗ, ಮಗಳು. ಅಕ್ಷರ ಬಹಳ ದುಂಡಗೆ ಬಂದವು.

ಅದಕ್ಕೆ ಯಜಮಾನರ ಸಹಿ ಶಾಯಿಯಲ್ಲೇ ಬೇಕಿತ್ತು. ಮಂಗಳವಾರ ಅವರ ಕೋಣೆಗೆ ಹೋದೆ.

“ನೀವಾ?” ಎಂದರು. ನೋಟಿಸನ್ನು ಎರಡು ಸಲ ಓದಿದರು. ಬೈಯಲಿಲ್ಲ. “ಯಾರಿಗೆ ಬರಲ್ಲ ಬಿಡಿ ಕಷ್ಟ. ಇದೇನಿದು ಎರಡನೇದು? ಇಷ್ಟು ನೋಟಿಸಿಗೆ ಸಹಿ ಹಾಕಿದೀನಿ, ಇದನ್ನ ನೋಡೇ ಇಲ್ವಲ್ಲ?”

“ಈ ವರ್ಷದಿಂದ ಹೊಸದು ಸಾರ್.”

ನಾಲಿಗೆ ತಡವರಿಸಲೂ ಇಲ್ಲ. ಅವರು ಸಹಿ ಹಾಕಿದರು. ಸದ್ಯ ಬದುಕಿದೆ ಎಂದು ಬಾಗಿಲ ಕಡೆ ತಿರುಗಿದೆ.

“ಒಳ್ಳೇ ಏರ್ಪಾಡು ಮಾಡಿದಾರೆ. ಖಾಲಿದೊಂದು ಪ್ರತಿ ತೆಗೆದು ಬೋರ್ಡಿಗೆ ಹಾಕಿ. ಪಾಪ, ಎಲ್ರಿಗೂ ಗೊತ್ತಾಗ್ಲಿ,” ಎಂದರು.

“ಆಮೇಲೆ ಹಾಕ್ತೀನಿ ಸಾರ್.”

“ಆಮೇಲೆ ಯಾಕೆ? ಬನ್ನಿ.” ಪಿನ್ನಿನ ಡಬ್ಬಿ ಹಿಡಿದುಕೊಂಡು ಅವರೇ ಎದ್ದರು. ತುಂಬುವ ಮೊದಲು ತೆಗೆದಿಟ್ಟುಕೊಂಡಿದ್ದ ಖಾಲಿ ಪ್ರತಿಯನ್ನು ನಾನು ಬೋರ್ಡಿನ ಕೆಳ ಮೂಲೆಗೆ ಚುಚ್ಚಿದರೆ, ಅವರು ಅದನ್ನು ಕಿತ್ತು ನಟ್ಟನಡುವೆ ಹಾಕಿದರು. “ಕಣ್ಣಿಗೆ ಬೀಳ್ಬೇಕ್ರೀ,” ಎಂದರು. ಒಳ್ಳೆಯ ಯಜಮಾನರ ಕೈಕೆಳಗೆ ಕೆಲಸ ಮಾಡುವುದು ಎಂಥ ಶಿಕ್ಷೆ ಎಂದು ನನಗೆ ಆವತ್ತು ತಿಳಿಯಿತು.

ಊಟದ ಗಂಟೆ ಹೊಡೆಯಿತು. ಬೋರ್ಡು ನನ್ನ ಮೇಜಿನ ಎದುರಿಗೇ ಇದೆ. ಎದ್ದು ಹೋದರೆ ಯಜಮಾನರು ಕರೆಯುತ್ತಾರೆ, ಕೂತರೆ ನೋಡಬೇಕು. ಕೂತೆ. ಒಬ್ಬೊಬ್ಬರೇ ಬಂದು ಓದಿ, ತಲೆಯಾಡಿಸಿ ಹೋದರು. ಕೊನೆಗೆ ಗೋಂದು ಬಂದ. ಮುದ್ರಣಾಲಯದಲ್ಲಿ ಕೂದಲು ನರೆತವರು ಯಾವ ಕಾಗದ ಸಿಕ್ಕರೂ ಮೊದಲು ನೋಡುವುದು ವಿಷಯವನ್ನಲ್ಲ, ಬುಡದಲ್ಲಿ ಇರುವೆ ಗಾತ್ರದ ಸಾಲನ್ನು: ಎಲ್ಲಿ ಅಚ್ಚಾಯಿತು, ಯಾವಾಗ, ಎಷ್ಟು ಪ್ರತಿ. ಅವನು ಮಂಡಿಗೆ ಕೈಯೂರಿ ಬಗ್ಗಿದ. ಆಮೇಲೆ ನೆಟ್ಟಗೆ ನಿಂತು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದ.

“ಹೊಸದು ಅಂದ್ರು ಯಜಮಾನ್ರು,” ಎಂದ. “ಇದು ಅಚ್ಚಾಗಿ ಒಂಬತ್ತು ವರ್ಷ ಆಯ್ತಲ್ಲ ಸಾರ್.”

ಇನ್ನೊಂದು ಸುಳ್ಳು ಬಾಯಿಗೆ ಬಂದಿತ್ತು. ಅವನ ಮುಖ ನೋಡಿ ಅದನ್ನು ನುಂಗಿಕೊಂಡೆ.

“ನಿನ್ನ ನೋಟಿಸಿನ ಜೊತೇಲೂ ಇತ್ತು. ನಾನು ಕೊಡಲಿಲ್ಲ. ಓದಿರಲಿಲ್ಲ.”

ಬೈಯುತ್ತಾನೆ, ಯಜಮಾನರ ಬಾಗಿಲು ಬಡಿಯುತ್ತಾನೆ ಎಂದು ಕಾದೆ. ಅವನು ಬೆರಳಿನ ಅಂಟನ್ನು ಉಜ್ಜುತ್ತಾ ನಿಂತ.

“ಮಕ್ಕಳು ಮರಿ ಇದ್ರೆ ಸರ್ಕಾರದೋರು ಅವರ ಪಾಲು ಬಿಡ್ತಾರೆ ಅಂತ ನಮ್ಮ ಭಾವಮೈದ ಎಲ್ಲೋ ಕೇಳ್ಕೊಂಡು ಬಂದಿದ್ದ ಸಾರ್. ಹಾಗಾದ್ರೆ ಆ ದುಡ್ಡು ಎಲ್ಲಿ, ಯಾರಿಗೆ ಸುರೀತಿದೀಯ ಅಂತ ಕೇಳಿದ್ಲು ನನ್ನ ಹೆಂಡ್ತಿ. ನನಗೆ ಗೊತ್ತಿದ್ರೆ ತಾನೆ ಹೇಳೋಕೆ? ಮಗೂನ ಕರ್ಕೊಂಡು ತವರಿಗೆ ಹೋಗಿ ಎರಡು ವರ್ಷ ಆಯ್ತು.”

“ನಾನು ಬಂದು ಹೇಳ್ತೀನಪ್ಪಾ. ಭಾನುವಾರ ಬರ್ತೀನಿ,” ಎಂದೆ.

“ಇವತ್ತು ಬನ್ನಿ.”

“ಯಜಮಾನರಿಗೆ ಏನು ಹೇಳ್ಲಿ?”

“ಅದು ನಿಮಗೆ ಬಿಟ್ಟಿದ್ದು ಸಾರ್. ಆ ಹಾಳೇನೂ ತಗೊಳ್ಳಿ. ಬರೀ ಬಾಯಿಮಾತಿಗೆ ಅವಳು ಬಾಗಿಲು ತೆಗೆಯಲ್ಲ.”

ಯಜಮಾನರು ಬಲವಾಗಿ ಒತ್ತಿದ್ದ ಪಿನ್ನುಗಳನ್ನು ಉಗುರಿನಿಂದ ಒಂದೊಂದಾಗಿ ಕಿತ್ತೆ. ಒಳಗಿನಿಂದ ಅವರು, “ಯಾಕ್ರೀ ತೆಗೀತಿದೀರಾ?” ಎಂದು ಕೇಳಿದರು.